ಫೇಲ್ ಅಂತ ಬರೀಬೇಡಿ ಸರ್

ಸೆಕೆಂಡ್ ಪಿಯುಸಿಯನ್ನು ನಾನು ಎರಡು ವರ್ಷ ಓದಿದ್ದೇನೆ. ಹೀಗೆ ಹೇಳಿದ ತಕ್ಷಣ ಎದುರಿಗಿದ್ದವರ ಮುಖದಲ್ಲಿ ಒಂದು ‘ಅಯ್ಯೋ ಪಾಪ’ ಕಾಣಿಸಿಕೊಳ್ಳುತ್ತೆ. ಆಮೇಲೆ ದನಿ ತಗ್ಗಿಸಿ, “ಯಾವ ಸಬ್ಜೆಕ್ಟ್ ಹೋಗಿತ್ತು?” ಅಂತ ಕೇಳುತ್ತಾರೆ. ಯಾವ ಸಬ್ಜೆಕ್ಟೂ ಹೋಗಿರಲಿಲ್ಲ ಕಣ್ರೀ. ಹೋಗಿದ್ದು ಹನ್ನೊಂದು ಕೆ.ಜಿ. ತೂಕ, ಅರ್ಧ ತಲೆಗೂದಲು, ಮತ್ತೆ ನಮ್ಮಮ್ಮನ ನೆಮ್ಮದಿ. ಈಗ ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದೇನೆ. ಬಸ್ಸಿನಲ್ಲಿ ಸೀಟಿಗಾಗಿ ಜಗಳ ಆಡುವಷ್ಟು ಗಟ್ಟಿಯಾಗಿದ್ದೇನೆ. ಎಲ್ಲೋ ಒಂದು ಮನೆಯಲ್ಲಿ, ಫಿಸಿಕ್ಸ್ ಪುಸ್ತಕವನ್ನು ಎದೆ ಮೇಲೆ ಮಗುಚಿ ಇಟ್ಟುಕೊಂಡು, ಪರೀಕ್ಷೆ ಬರೀಲಾ ಬೇಡ್ವಾ ಅಂತ ಸೂರು ನೋಡುತ್ತಾ ಮಲಗಿರುವ ಹುಡುಗಿ ಇದ್ದರೆ, ಇದು ಅವಳಿಗೆ.

ನಮ್ಮದು ಹಳೇಬೀಡು. ಅಪ್ಪ ಬೇಲೂರು ತಾಲೂಕು ಆಫೀಸಿನಲ್ಲಿ ಗುಮಾಸ್ತರು. ಅಮ್ಮ ಪಕ್ಕದ ಹಳ್ಳಿಯ ಶಾಲೆಯಲ್ಲಿ ಒಂದನೇ ಕ್ಲಾಸಿನ ಟೀಚರ್. ನಾನು ಒಬ್ಬಳೇ ಮಗಳು, ಹೆಸರು ಪ್ರಜ್ಞಾ. ಚಿಕ್ಕಂದಿನಿಂದಲೂ ಒಂದು ಕಡೆ ಕೂತವಳಲ್ಲ. ಊಟ ಮಾಡುವಾಗಲೂ ತಟ್ಟೆ ಹಿಡಿದು ಮನೆಯೆಲ್ಲ ಸುತ್ತುತ್ತಿದ್ದೆ. “ಕಾಲಲ್ಲಿ ಚಕ್ರ ಐತೆ ಇವಳಿಗೆ” ಅಂತ ಕಣಕಟ್ಟೆಯಲ್ಲಿರೋ ನಮ್ಮ ಸೋದರತ್ತೆ, ಅಂದರೆ ಅಮ್ಮನ ಅಣ್ಣನ ಹೆಂಡತಿ, ಯಾವಾಗಲೂ ಅನ್ನೋಳು. ಅಂಥವಳು ಸೆಕೆಂಡ್ ಪಿಯುಸಿ ಶುರುವಾಗಿ ಎರಡು ತಿಂಗಳಾಗುವಷ್ಟರಲ್ಲಿ ಬೇಲೂರಿನ ಕಾಲೇಜಿನ ಮೆಟ್ಟಿಲ ಮೇಲೆ ಅಲ್ಲಲ್ಲೇ ಕೂರತೊಡಗಿದೆ. ಕೆಮ್ಮು ಹೋಗಲೊಲ್ಲದು. ಸಂಜೆಯಾದರೆ ಸಣ್ಣ ಜ್ವರ. ಹೇಮಾ ಅಂತ ನನ್ನ ಗೆಳತಿ, ಬೇಲೂರಿನವಳೇ, “ಲೇ, ನಿನ್ನ ಬಳೆ ಮೊಣಕೈವರೆಗೂ ಹೋಗ್ತಿದೆ ಕಣೇ, ಆಸ್ಪತ್ರೆಗೆ ಹೋಗು” ಅಂತ ಬೈದ ಮೇಲೆ ಹೋದೆ.

ಆಸ್ಪತ್ರೆಯಲ್ಲಿ ಕಫ ಪರೀಕ್ಷೆಗೆ ಒಂದು ಸಣ್ಣ ಡಬ್ಬಿ ಕೊಟ್ಟರು. ಎಕ್ಸ್‌ರೇ ತೆಗೆದರು. ಆ ಬೆಂಚಿನ ಮೇಲೆ ಕೂತು ಎದುರಿನ ಗೋಡೆಗೆ ಅಂಟಿಸಿದ್ದ ಪೋಸ್ಟರನ್ನು ಎಷ್ಟು ಸಲ ಓದಿದೆನೋ! ಕೆಮ್ಮುತ್ತಿರುವ ಒಬ್ಬ ಮುದುಕನ ಚಿತ್ರ ಇತ್ತು. ಟಿ.ಬಿ. ಅಂದರೆ ಅವನಂಥವರಿಗೆ ಬರುವುದು ಅಂದುಕೊಂಡಿದ್ದೆ. ಡಾಕ್ಟರಮ್ಮ ಕರೆದು, “ಟಿ.ಬಿ. ಇದೆ ಪುಟ್ಟಿ. ಹೆದರಬೇಡ, ಗುಣ ಆಗುತ್ತೆ. ಆರು ತಿಂಗಳು ಒಂದು ದಿನಾನೂ ಮಾತ್ರೆ ತಪ್ಪಿಸಬೇಡ” ಅಂದರು. ನಾನು ಹೆದರಲಿಲ್ಲ, ನಿಜ ಹೇಳಬೇಕೆಂದರೆ ನನಗೆ ಅರ್ಥವೇ ಆಗಿರಲಿಲ್ಲ. ಅಮ್ಮ ಮಾತ್ರ ಬಿಳಿಚಿಕೊಂಡಳು. ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತು ಆಡಿದ ಮೊದಲ ಮಾತು, “ಯಾರಿಗೂ ಹೇಳ್ಬೇಡ. ಟೈಫಾಯ್ಡು ಅನ್ನು.”

ಅಮ್ಮನ ಭಯ ಏನು ಅಂತ ಹೇಳದೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಮನೆಯ ಗೋಡೆ ಮೇಲೆ ಬುದ್ಧನ ಫೋಟೋ ಇದೆ, ಹುಣ್ಣಿಮೆಗೆ ಮೇಣದಬತ್ತಿ ಹಚ್ಚುತ್ತೇವೆ. ಅದು ಅಮ್ಮ ಮದುವೆಯಾದ ಮೇಲೆ ಬಂದದ್ದು. ಅಮ್ಮ ಹುಟ್ಟಿ ಬೆಳೆದದ್ದು ಕಣಕಟ್ಟೆ ಕಡೆ. ಅಲ್ಲಿ ಒಂದು ಹೋಟೆಲ್ಲಿನ ಸೂರಿಗೆ ನಮ್ಮ ತಾತನಂಥವರಿಗೆ ಅಂತ ಒಂದು ಲೋಟ ಸಿಕ್ಕಿಸಿರುತ್ತಿದ್ದರಂತೆ. ತಾತ ಅದನ್ನು ತಾವೇ ತೆಗೆದು, ಹೊರಗೆ ನಿಂತು ಟೀ ಹಾಕಿಸಿಕೊಂಡು, ಕುಡಿದು, ತೊಳೆದು, ಮತ್ತೆ ಸೂರಿಗೆ ಸಿಕ್ಕಿಸಬೇಕು. ಅಮ್ಮ ಚಿಕ್ಕವಳಾಗಿದ್ದಾಗ ತಾತನ ಬೆರಳು ಹಿಡಿದು ಅದನ್ನು ನೋಡಿದ್ದಾಳೆ. “ಬೇರೆ ಲೋಟ ಅನ್ನೋದು ನಮ್ಮಪ್ಪನ ಕಾಲಕ್ಕೇ ಮುಗೀತು. ಕಾಯಿಲೆ ಹೆಸರಲ್ಲಿ ನನ್ನ ಮಗಳಿಗೆ ಮತ್ತೆ ತಂದಾರು, ಜೀವ ಹೋದ್ರೂ ಬಿಡಲ್ಲ” ಅಂದಳು.

ಹಟ ಎಷ್ಟಿತ್ತೆಂದರೆ, ನಾನು ಕುಡಿದು ಬಿಟ್ಟ ಕಾಫಿಯನ್ನು ಅದೇ ಲೋಟದಲ್ಲಿ ಅಮ್ಮ ಗಟಗಟ ಕುಡಿದುಬಿಡುತ್ತಿದ್ದಳು. “ಯಾಕಮ್ಮಾ ಹೀಗೆ ಮಾಡ್ತೀಯ?” ಅಂದರೆ, “ನಂಗೇನೂ ಆಗಲ್ಲ” ಅನ್ನೋಳು. ನನ್ನ ಕೆಮ್ಮು ಪಕ್ಕದ ಮನೆಗೆ ಕೇಳಿಸಬಾರದು ಅಂತ ಕಿಟಕಿಗಳನ್ನೆಲ್ಲ ಮುಚ್ಚಿದಳು. ಮಾತ್ರೆ ಕೊಡುವ ಆರೋಗ್ಯ ಇಲಾಖೆಯ ಮಂಜಣ್ಣ ಇದನ್ನು ಕೇಳಿ ತಲೆ ಚಚ್ಚಿಕೊಂಡರು. “ಮೇಡಂ, ಲೋಟದಿಂದ ಬರಲ್ಲ ಇದು, ಕೆಮ್ಮಿದಾಗ ಗಾಳೀಲಿ ಬರೋದು. ಮೊದ್ಲು ಕಿಟಕಿ ತೆಗೀರಿ! ಅವಳಿಗೆ ಮಾಸ್ಕ್ ಹಾಕ್ಸಿ.” ಅಪ್ಪ ಅವತ್ತೇ ಕಿಟಕಿ ತೆಗೆದರು. ಅಮ್ಮ ರೇಡಿಯೋ ಹಚ್ಚಿಟ್ಟಳು.

ಮಂಜಣ್ಣ ಬೈಕಿನಲ್ಲಿ ನಮ್ಮ ಮನೆ ಮುಂದೆ ಬಂದು ನಿಂತರೆ ಬೀದಿಗೆಲ್ಲ ತಿಳಿಯುತ್ತೆ ಅಂತ ಅಮ್ಮ ಅದಕ್ಕೂ ಒಂದು ಉಪಾಯ ಕಂಡುಹಿಡಿದಳು. ಹದಿನೈದು ದಿನಕ್ಕೊಮ್ಮೆ ನಾವು ಬಸ್ತಿಹಳ್ಳಿಯ ಬಸದಿಗೆ ಹೋಗುವುದು, ಅವರು ಅಲ್ಲಿಗೆ ಬರುವುದು. ಪ್ರವಾಸಿಗಳೆಲ್ಲ ದೊಡ್ಡ ದೇವಸ್ಥಾನ ನೋಡಿ ವಾಪಸ್ ಹೋಗುತ್ತಾರೆ, ಬಸದಿ ಕಡೆ ಬರುವವರು ಕಮ್ಮಿ. ಕೈಚೀಲದೊಳಗೆ ಮಾತ್ರೆಯ ಹಾಳೆಗಳು ಬಂದು ಬೀಳುತ್ತಿದ್ದವು. ಅಲ್ಲಿನ ಕಾವಲುಗಾರ ಒಂದು ದಿನ, “ನಿಮ್ಮಂಗೆ ತಪ್ಪದೆ ಬರೋರು ಯಾರೂ ಇಲ್ಲ ಬಿಡಿ, ಭಾರಿ ಭಕ್ತಿ” ಅಂದ. ಅಮ್ಮ ಗಂಭೀರವಾಗಿ ಕೈ ಮುಗಿದಳು! ನನಗೆ ನಗು ತಡೆಯಲಾಗದೆ ಕೆಮ್ಮು ಬಂತು. ಒಳಗೆ ಕನ್ನಡಿಯ ಹಾಗೆ ನುಣುಪಾದ ಕಂಬಗಳಿವೆ. ಅವುಗಳಲ್ಲಿ ಎಲ್ಲರೂ ಸೊಟ್ಟಸೊಟ್ಟಗೆ ಉದ್ದಕ್ಕೆ ಕಾಣುತ್ತಾರೆ, ಶಾಲೆಯ ಮಕ್ಕಳು ನೋಡಿಕೊಂಡು ನಗುತ್ತಾರೆ. ನಾನು ನೋಡಿಕೊಂಡಾಗ ಮಾತ್ರ ಅದು ಕಂಬದ ಕರಾಮತ್ತೋ ನಾನು ಇರುವುದೇ ಹಾಗೋ ತಿಳಿಯದೆ ಪಕ್ಕಕ್ಕೆ ಸರಿದೆ.

ಟೈಫಾಯ್ಡು ಎಷ್ಟು ದಿನ ಇರುತ್ತೆ? ಮೂರು ವಾರ, ಹೆಚ್ಚೆಂದರೆ ನಾಲ್ಕು. ಎರಡು ತಿಂಗಳಾದರೂ ನಾನು ಕಾಲೇಜಿಗೆ ಸರಿಯಾಗಿ ಹೋಗದಿದ್ದಾಗ ಜನ ಕೇಳತೊಡಗಿದರು. ಮಾತ್ರೆ ನುಂಗಿದ ಮೇಲೆ ವಾಂತಿ, ಸುಸ್ತು. ವಾರಕ್ಕೆ ಎರಡು ದಿನ ಹೋದರೆ ಹೆಚ್ಚು. ಅಮ್ಮ ಯೋಚನೆ ಮಾಡಿ, “ಟೈಫಾಯ್ಡು ತಿರುಗಿ ಜಾಂಡೀಸ್ ಆಗಿದೆ” ಅಂತ ಸುದ್ದಿ ಬಿಟ್ಟಳು. ಸುದ್ದಿ ಬಸ್ಸು ಹತ್ತಿ ಅರಸೀಕೆರೆ ದಾಟಿ ಕಣಕಟ್ಟೆ ಮುಟ್ಟಿತು. ಮೂರನೇ ದಿನಕ್ಕೆ ಅತ್ತೆ ನೆಲನೆಲ್ಲಿ ಸೊಪ್ಪಿನ ಗಂಟು, ಅದರ ಜೊತೆ ಇನ್ನೇನೋ ಬೇರು ಹಿಡಿದು ಮನೆಯೊಳಗೇ ಬಂದಳು. “ಮೂರ್ ಬೆಳಗ್ಗೆ ಖಾಲಿ ಹೊಟ್ಟೇಲಿ ಕುಡಿದ್ರೆ ಕಾಮಾಲೆ ಅನ್ನೋದು ಊರು ಬಿಟ್ಟು ಓಡೋಗ್ತೈತೆ. ನಾನೇ ಇದ್ದು ಕುಡ್ಸೇ ಹೋಯ್ತೀನಿ.”

ನಾನು ಅಮ್ಮನ ಮುಖ ನೋಡಿದೆ. ಅಮ್ಮ ನನ್ನ ಮುಖ ನೋಡಿದಳು. ಬೇಡ ಅಂದರೆ ಯಾಕೆ ಬೇಡ ಅಂತ ಹೇಳಬೇಕು. ಹೇಳಿದರೆ ಟಿ.ಬಿ. ಅನ್ನಬೇಕು. ಅಮ್ಮ ಕಣ್ಣಲ್ಲೇ ‘ಕುಡಿ’ ಅಂದಳು. ಮೂರು ಬೆಳಗ್ಗೆ ಆ ಹಸಿರು ಕಷಾಯವನ್ನು, ಇಲ್ಲದ ಕಾಯಿಲೆಗೆ, ಇರುವ ಕಾಯಿಲೆಯ ಮಾತ್ರೆಗಳ ಮೇಲೆ ಕುಡಿದೆ. ಅತ್ತೆ ಖುಷಿಯಾಗಿ ಹೋದಳು.

ಹತ್ತು ದಿನಕ್ಕೆ ನನ್ನ ಕಣ್ಣು ಹಳದಿಯಾಯಿತು.

ನಿಜವಾದ ಜಾಂಡೀಸು! ಹಾಸನದ ಆಸ್ಪತ್ರೆಗೆ ಸೇರಿಸಿದರು. ಡಾಕ್ಟರು, “ಈ ಮಾತ್ರೆಗಳು ಕೆಲವರಿಗೆ ಲಿವರಿಗೆ ತೊಂದರೆ ಕೊಡ್ತವೆ. ಬೇರೇನಾದ್ರೂ ನಾಟಿ ಔಷಧಿ ತಗೊಂಡಿದ್ರಾ?” ಅಂತ ಕೇಳಿದರು. “ಇಲ್ಲ ಸರ್” ಅಂದಳು ಅಮ್ಮ. “ತಗೊಂಡಿದ್ದೆ ಸರ್, ಮೂರು ದಿನ” ಅಂದೆ ನಾನು. ಮಾತ್ರೆಯಿಂದ ಆಯಿತೋ ಕಷಾಯದಿಂದ ಆಯಿತೋ ಹೇಳಲಾಗದು ಅಂತ ಡಾಕ್ಟರು ಅಂದರು. ಅಮ್ಮನಿಗೆ ಮಾತ್ರ ಅನುಮಾನವೇ ಇರಲಿಲ್ಲ. ವಾರ್ಡಿನ ಹೊರಗೆ ನೆಲದ ಮೇಲೆ ಕೂತು, “ನನ್ನ ಬಾಯಿಗೆ ಮಣ್ಣು ಹಾಕ, ನಾನು ಆಡಿದ್ದೇ ಆಯ್ತಲ್ಲೋ” ಅಂತ ಅಳುತ್ತಿದ್ದಳಂತೆ. ಪಕ್ಕದ ಹಾಸಿಗೆಯ ಅಜ್ಜಿಯೊಬ್ಬರು ಎದ್ದು ಹೋಗಿ ಅವಳಿಗೆ ತಮ್ಮ ಫ್ಲಾಸ್ಕಿನಿಂದ ಬಿಸಿನೀರು ಕೊಟ್ಟರಂತೆ. ಆ ಅಜ್ಜಿಯ ಹೆಸರನ್ನೂ ನಾವು ಕೇಳಲಿಲ್ಲ.

ಮಾತ್ರೆಯನ್ನೆಲ್ಲ ನಿಲ್ಲಿಸಿ, ಕಣ್ಣು ತಿಳಿಯಾದ ಮೇಲೆ ಒಂದೊಂದಾಗಿ ಮತ್ತೆ ಶುರು ಮಾಡಿದರು. ಆರು ತಿಂಗಳು ಎಂಟಾಗುತ್ತೆ ಅಂದರು. ಮನೆಗೆ ಬರುವಷ್ಟರಲ್ಲಿ ಸಂಕ್ರಾಂತಿ. ಕಾಲೇಜಿನಿಂದ ಫೋನ್ ಬಂತು: ಅಟೆಂಡೆನ್ಸ್ ಅರ್ಧವೂ ಇಲ್ಲ, ಹೀಗಾದರೆ ಪರೀಕ್ಷೆಗೆ ಕೂರಿಸೋಕಾಗಲ್ಲ, ಡಾಕ್ಟರ್ ಸರ್ಟಿಫಿಕೇಟ್ ತಂದರೆ ಮೇಲಕ್ಕೆ ಬರೆದು ಕೇಳಿ ನೋಡುತ್ತೇವೆ, ಇಲ್ಲಾಂದ್ರೆ ಮುಂದಿನ ವರ್ಷ ಮತ್ತೆ ಸೇರಿಸಿ.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಮನೆಯ ಜಟಾಪಟಿ. ಬರೆಯುವುದೋ, ಇನ್ನೊಂದು ವರ್ಷ ಕೂರುವುದೋ?

ಅಪ್ಪನದು ಆಫೀಸಿನ ಲೆಕ್ಕ. “ಒಂದು ವರ್ಷ ಏನ್ ಮಹಾ? ನಮ್ಮಲ್ಲಿ ಒಂದು ಖಾತೆ ಬದಲಾಗೋಕೂ ಅಷ್ಟು ಹಿಡಿಯುತ್ತೆ. ಆರೋಗ್ಯ ನೋಡ್ಕೊಳ್ಳಿ.” ಹೇಮಾ ನನ್ನ ಲ್ಯಾಬ್ ರೆಕಾರ್ಡುಗಳನ್ನೆಲ್ಲ ತಾನೇ ಬರೆದು, ಚಿತ್ರ ಬಿಡಿಸಿ, ಬಣ್ಣ ಹಚ್ಚಿ ತಂದಿದ್ದಳು. “ಬರೀ ಕಣೇ. ಪಾಸಾದ್ರೆ ಸಾಕು. ನೀನಿಲ್ದೆ ನಾನೊಬ್ಳೇ ಮುಂದೆ ಹೋಗ್ಲಾ?” ಅಂದಳು. ಅಮ್ಮ ಮಾತ್ರ ಒಂದೇ ಪಟ್ಟು, “ಬರೀಲೇಬೇಕು.”

“ಯಾಕಮ್ಮಾ ಅಷ್ಟು?”

“ಬೇರೆಯವರ ಮಕ್ಳು ಒಂದು ವರ್ಷ ಹಿಂದೆ ಬಿದ್ರೆ, ಪಾಪ ಹುಷಾರಿರ್ಲಿಲ್ಲ ಅಂತಾರೆ. ನಮ್ಮ ಮಕ್ಳು ಬಿದ್ರೆ, ಇವ್ರ ತಲೆಗೆ ಎಲ್ಲಿ ಹತ್ತುತ್ತೆ ಬಿಡು ಅಂತಾರೆ. ಇಪ್ಪತ್ತು ವರ್ಷದಿಂದ ಸ್ಟಾಫ್‌ರೂಮಲ್ಲಿ ಕೂತು ಕೇಳಿದೀನಿ ಕಣೇ ನಾನು.”

ಆದರೆ ಸರ್ಟಿಫಿಕೇಟಿನಲ್ಲಿ ಟಿ.ಬಿ. ಅಂತ ಇರುತ್ತಲ್ಲ, ಅದಕ್ಕೇನು ಮಾಡುವುದು? ಅಮ್ಮ ಅದಕ್ಕೂ ದಾರಿ ಹುಡುಕಿದಳು. ಮಾವನ ಪರಿಚಯದ ಡಾಕ್ಟರೊಬ್ಬರು ಅರಸೀಕೆರೆಯಲ್ಲಿ ಇದ್ದರು. ಜಾಂಡೀಸ್ ಅಂತ ಮಾತ್ರ ಬರೆದ ಒಂದು ಕಾಗದ ಬಂತು. ಪೂರ್ತಿ ಸುಳ್ಳೂ ಅಲ್ಲ ಅಂತ ಅಮ್ಮ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಆ ಎರಡು ವಾರ ನಾನು ನೆಲದ ಮೇಲೆ ನಿಂತಿದ್ದೇ ನೆನಪಿಲ್ಲ. ಬೆಳಗ್ಗೆ ಎದ್ದರೆ ‘ಬರೀತೀನಿ’ ಅನ್ನಿಸೋದು. ಮಾತ್ರೆ ಹೊಟ್ಟೆಗೆ ಇಳಿದ ಮೇಲೆ ‘ಬೇಡ’ ಅನ್ನಿಸೋದು. ಕೆರೆ ಏರಿ ಮೇಲೆ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದೆ. ಉಸಿರು ಕಟ್ಟಿದಾಗ ಕೂತು, ಮತ್ತೆ ಎದ್ದು ನಡೆಯುತ್ತಿದ್ದೆ. ಎದುರಿಗೆ ಸಿಕ್ಕವರು, “ಜಾಂಡೀಸ್ ವಾಸಿ ಆಯ್ತೇನಮ್ಮಾ?” ಅಂದರೆ “ಹ್ಞೂಂ” ಅನ್ನುತ್ತಿದ್ದೆ. ಬಸ್ಸು ಹೋಗುವುದು ಕಂಡರೆ ಹತ್ತಿಬಿಡಬೇಕು ಅನ್ನಿಸೋದು, ಎಲ್ಲಿಗಾದರೂ ಸರಿ. ಸಿಟ್ಟು, ಸುಮ್ಮಸುಮ್ಮನೆ ಸಿಟ್ಟು. ಒಂದು ದಿನ ಅಪ್ಪ ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಅಂದದ್ದಕ್ಕೆ ನಾನು ತಟ್ಟೆ ಕುಕ್ಕಿ ಎದ್ದುಹೋಗಿದ್ದೆ. ಕಾಯಿಲೆ ಬಿದ್ದವರು ಸೌಮ್ಯವಾಗಿರುತ್ತಾರೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಕೊನೆಗೆ ಒಂದು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಗಡಿಯಾರ ಮುಂದಿಟ್ಟುಕೊಂಡು ಒಂದು ಮಾದರಿ ಪ್ರಶ್ನೆಪತ್ರಿಕೆ ಬರೆಯಲು ಕೂತೆ. ಮುಕ್ಕಾಲು ಗಂಟೆಗೆ ಅಕ್ಷರಗಳು ಗೆರೆ ಬಿಟ್ಟು ಇಳಿಯತೊಡಗಿದವು. ಒಂದು ಗಂಟೆಗೆ ತಲೆ ಮೇಜಿನ ಮೇಲಿತ್ತು. ಎದ್ದು, ಬರೆದಷ್ಟನ್ನು ನಾನೇ ತಿದ್ದಿದೆ. ಎಪ್ಪತ್ತಕ್ಕೆ ಹತ್ತೊಂಬತ್ತು. ಹೇಮಾ ಬರೆದ ರೆಕಾರ್ಡ್ ತೆಗೆದು ನೋಡಿದೆ. ಅದರಲ್ಲಿ ನಾನು ಒಂದು ಬಾರಿಯೂ ಮಾಡದ ಟೈಟ್ರೇಷನ್, ಅದರ ಫಲಿತಾಂಶ, ನನ್ನ ಹೆಸರು. ಯಾರೋ ಬೇರೆ ಪ್ರಜ್ಞಾ, ಚೆನ್ನಾಗಿ ಓದುವವಳು, ಆರೋಗ್ಯವಾಗಿರುವವಳು, ಕಾಲೇಜಿಗೆ ಹೋಗುತ್ತಿದ್ದಳೇನೋ ಅನ್ನಿಸಿತು. ಜೋರಾಗಿ ಅತ್ತುಬಿಟ್ಟೆ. ಅತ್ತ ಮೇಲೆ ಹಸಿವಾಯಿತು, ತಿಂಗಳುಗಳ ಮೇಲೆ ಮೊದಲ ಸಲ. ಮುದ್ದೆ ಬಿಸಿ ಮಾಡಿಕೊಂಡು ತಿಂದೆ. ಕೈ ತೊಳೆಯುವಷ್ಟರಲ್ಲಿ, ಬರೆಯುವುದಿಲ್ಲ ಅಂತ ಗಟ್ಟಿಯಾಗಿತ್ತು.

ಅಮ್ಮನಿಗೆ ಹೇಳುವ ಧೈರ್ಯ ಮಾತ್ರ ಬರಲಿಲ್ಲ. ಮರುದಿನ ಇಬ್ಬರೂ ಬೇಲೂರಿನ ಬಸ್ಸು ಹತ್ತಿದೆವು. ಅಮ್ಮ ರಜೆ ಹಾಕಿ, ಒಳ್ಳೆ ಸೀರೆ ಉಟ್ಟು, ಅರಸೀಕೆರೆಯ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತೊಡೆ ಮೇಲೆ ಇಟ್ಟುಕೊಂಡಿದ್ದಳು. ದಾರಿಯುದ್ದಕ್ಕೂ ‘ಈಗ ಹೇಳ್ತೀನಿ, ಈಗ ಹೇಳ್ತೀನಿ’ ಅಂದುಕೊಂಡೇ ಬೇಲೂರು ಬಂತು.

ಪ್ರಿನ್ಸಿಪಾಲರು ಒಳ್ಳೆಯವರೇ, ಆದರೆ ಯಾವಾಗಲೂ ಅವಸರ. ಕಾಗದ ಓದಿ, ಕನ್ನಡಕ ತೆಗೆದು, “ಜಾಂಡೀಸ್ ಐದು ತಿಂಗಳಾ ಮೇಡಂ?” ಅಂದರು. ಅಮ್ಮ ಬಾಯಿ ತೆರೆದಳು. ಇನ್ನೊಂದು ಕಾಯಿಲೆ ಹುಡುಕುತ್ತಿದ್ದಾಳೆ ಅಂತ ನನಗೆ ಗೊತ್ತಾಯಿತು.

“ಸರ್, ಅದಲ್ಲ ಸರ್. ನನಗೆ ಟಿ.ಬಿ. ಆಗಿತ್ತು. ಈಗ ಹರಡಲ್ಲ, ಮಾತ್ರೆ ತಗೋತಿದೀನಿ. ನಾನು ಈ ವರ್ಷ ಪರೀಕ್ಷೆ ಬರೆಯಲ್ಲ ಸರ್. ಮುಂದಿನ ವರ್ಷ ಮತ್ತೆ ಕೂತ್ಕೋತೀನಿ. ಆದ್ರೆ ಎಲ್ಲೂ ಫೇಲ್ ಅಂತ ಬರೀಬೇಡಿ ಸರ್. ಟಿ.ಬಿ. ಅಂತಾನೇ ಬರೀರಿ.”

ಅಮ್ಮನ ಕಡೆ ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ. ವ್ಯಾನಿಟಿ ಬ್ಯಾಗಿನ ಜಿಪ್ ಎಳೆದ ಸದ್ದು ಕೇಳಿತು. ನೋಡಿದರೆ, ಅಮ್ಮ ಹಾಸನದ ಆಸ್ಪತ್ರೆಯ ಕಾಗದಗಳನ್ನು ತೆಗೆಯುತ್ತಿದ್ದಾಳೆ. ನಾಲ್ಕಾಗಿ ಮಡಿಸಿ ಬ್ಯಾಗಿನ ತಳದಲ್ಲಿ ಇಟ್ಟುಕೊಂಡು ಬಂದಿದ್ದಳು! ಮನೆಯಲ್ಲಿ ಬೀರುವಿನೊಳಗೆ ಬೀಗದಲ್ಲಿವೆ ಅಂದುಕೊಂಡಿದ್ದೆ ನಾನು. ಮೇಜಿನ ಮೇಲಿಟ್ಟು ಮಡಿಕೆಗಳನ್ನು ಅಂಗೈಯಿಂದ ನೀವಿ ಸಪಾಟು ಮಾಡಿ, “ಇದು ಸರಿಯಾದ್ದು ಸರ್” ಅಂದಳು. ಅರಸೀಕೆರೆಯ ಕಾಗದವನ್ನು ವಾಪಸ್ ತೆಗೆದುಕೊಂಡಳು.

ಪ್ರಿನ್ಸಿಪಾಲರು ತುಂಬ ಹೊತ್ತು ಓದಿದರು. “ನಮ್ಮ ತಮ್ಮನಿಗೂ ಆಗಿತ್ತು” ಅಂದರು, ಅಷ್ಟೇ. ಆಮೇಲೆ ಬಾಗಿಲ ಕಡೆ ತಿರುಗಿ, “ರಂಗಣ್ಣ, ಮೂರು ಟೀ” ಅಂದರು.

ರಂಗಣ್ಣ ಕಾಲೇಜಿನ ಅಟೆಂಡರು, ಬಾಗಿಲ ಪಕ್ಕದ ಸ್ಟೂಲಿನಲ್ಲೇ ಕೂತಿರುವವರು. ನಾನು ಹೇಳಿದ್ದೆಲ್ಲ ಅವರ ಕಿವಿಗೆ ಬಿದ್ದಿರಲೇಬೇಕು. ಟ್ರೇ ಬರುವವರೆಗೂ ಅಮ್ಮ ಬಾಗಿಲನ್ನೇ ನೋಡುತ್ತಿದ್ದಳು. ಯಾತಕ್ಕೆ ಅಂತ ನನಗೆ ಗೊತ್ತಿತ್ತು. ಟ್ರೇ ಬಂತು. ಮೂರೂ ಪೇಪರ್ ಕಪ್ಪುಗಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಅಮ್ಮ ಪರೀಕ್ಷೆಯ ಮಾತೇ ಎತ್ತಲಿಲ್ಲ. ಹಗರೆ ದಾಟಿದ ಮೇಲೆ, “ಶೆಲ್ಫಲ್ಲಿ ಗಾಜಿನ ಲೋಟ ಇದ್ವು ಕಣೇ. ಬೋರಲಾಗಿ ಹಾಕಿದ್ರು” ಅಂದಳು.

“ಸರ್ ಕೂಡ ಪೇಪರ್ ಕಪ್ಪಲ್ಲೇ ಕುಡಿದ್ರಲ್ಲಮ್ಮ.”

“ಹ್ಞೂಂ. ಕುಡಿದ್ರು” ಅಂದು ಕಿಟಕಿಯ ಕಡೆ ತಿರುಗಿದಳು. ನಾನು ಅವಳ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ.

ಮಾರ್ಚಿನಲ್ಲಿ ಹೇಮಾ ಪರೀಕ್ಷೆ ಬರೆಯುವಾಗ ನಾನು ಮನೆಯಲ್ಲಿ ಅದೇ ಹೊತ್ತಿಗೆ ನನ್ನ ಕೋಣೆಯಲ್ಲಿ ಶತಪಥ ಹಾಕುತ್ತಿದ್ದೆ. ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ? ಜೂನಿನಲ್ಲಿ ಮತ್ತೆ ಅದೇ ಕ್ಲಾಸು, ಅದೇ ಬೆಂಚು, ಸುತ್ತ ನನ್ನನ್ನು ‘ಅಕ್ಕ’ ಅನ್ನುವ ಹೊಸ ಮುಖಗಳು. ಮೊದಲ ದಿನವೇ ಎದ್ದುನಿಂತು ಕಾರಣ ಹೇಳಿಬಿಟ್ಟೆ. ಒಬ್ಬಳು ಹಿಂದಿನ ಬೆಂಚಿಗೆ ಹೋದಳು. ವಾರದ ಮೇಲೆ, ನನ್ನ ನೋಟ್ಸು ಬೇಕಾದಾಗ, ವಾಪಸ್ ಬಂದಳು. ಕೊನೆಯ ಮಾತ್ರೆ ನುಂಗಿದ್ದು ಆ ಜೂನಿನಲ್ಲೇ, ಮಂಜಣ್ಣನ ಎದುರಿಗೆ, ನಮ್ಮ ಮನೆಯ ಜಗಲಿ ಮೇಲೆ, ಎಲ್ಲರಿಗೂ ಕಾಣುವ ಹಾಗೆ. ಟೈಟ್ರೇಷನ್ನನ್ನು ನಾನೇ ಮಾಡಿದೆ. ಮೊದಲ ಸಲ ತಪ್ಪಾಯಿತು. ಪರೀಕ್ಷೆಯೂ ಚೆನ್ನಾಗಿಯೇ ಆಯಿತು.

ಆದರೆ ಆ ಪೇಪರ್ ಕಪ್ಪು ನನ್ನ ತಲೆಯಿಂದ ಹೋಗಿರಲಿಲ್ಲ. ಹಾಲ್ ಟಿಕೆಟ್ ತೆಗೆದುಕೊಳ್ಳಲು ಹೋದ ದಿನ ಆಫೀಸಿನಲ್ಲಿ ರಂಗಣ್ಣ ಒಬ್ಬರೇ ಇದ್ದರು. ನೇರ ಕೇಳಿಬಿಟ್ಟೆ. “ರಂಗಣ್ಣ, ಹೋದ ವರ್ಷ ನಾವು ಬಂದಾಗ ಯಾಕೆ ಪೇಪರ್ ಕಪ್ಪಲ್ಲಿ ಟೀ ಕೊಟ್ರಿ?”

ಅವರು ತಡಬಡಾಯಿಸಿದರು. ಮುಖ ಒರೆಸಿಕೊಂಡರು. “ನಾನೇ ಕಣವ್ವ. ಬಾಗ್ಲಲ್ಲಿ ನೀನು ಹೇಳಿದ್ದು ಕೇಳ್ತು, ಹೆದರ್ಕಂಡೆ. ನಿಮ್ಮಿಬ್ರಿಗೆ ಮಾತ್ರ ಪೇಪರ್‌ದು ಕೊಟ್ರೆ ನಿಮ್ಮವ್ವಂಗೆ ಬೇಜಾರಾಗುತ್ತೆ ಅಂತ ಸಾಹೇಬ್ರಿಗೂ ಅದ್ರಲ್ಲೇ ಕೊಟ್ಟೆ. ಆಮ್ಯಾಕೆ ಸಾಹೇಬ್ರು ಬೈದ್ರು.” ಎದ್ದು, ಶೆಲ್ಫಿನಿಂದ ಒಂದು ಗಾಜಿನ ಲೋಟ ತೆಗೆದು, ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟರು. ನಾನು ನಿಂತುಕೊಂಡೇ ಕುಡಿದೆ. ನಾನು ತೊಳೆಯಲು ಹೋದರೆ ಕೈಯಿಂದ ಕಿತ್ತುಕೊಂಡು, ಉಳಿದ ಲೋಟಗಳ ಜೊತೆ ತಾವೇ ತೊಳೆದು ಬೋರಲು ಹಾಕಿದರು.

ಅವತ್ತು ಮನೆಗೆ ಬಂದು ಅಮ್ಮನಿಗೆ, “ರಂಗಣ್ಣನ್ನ ಕೇಳ್ದೆ. ಅವತ್ತು ನಲ್ಲೀಲಿ ನೀರು ಬಂದಿರ್ಲಿಲ್ವಂತೆ, ಲೋಟ ತೊಳೆದಿರ್ಲಿಲ್ವಂತೆ. ಇವತ್ತು ಗಾಜಿನ ಲೋಟದಲ್ಲಿ ಟೀ ಕೊಟ್ರು” ಅಂದೆ. ಅಮ್ಮ ಒಲೆಯ ಮುಂದೆ ನಿಂತಿದ್ದವಳು ತಿರುಗಿ, “ಎಲ್ರ ಜೊತೆ ಇಡೋ ಲೋಟನೇ?” ಅಂತ ಕೇಳಿದಳು. “ಎಲ್ರ ಜೊತೆದೇ” ಅಂದೆ. “ನಾನೂ ಅಂದ್ಕೊಂಡೆ, ನೀರೇ ಇರ್ಲಿಲ್ಲ ಅಂತ” ಅಂದಳು. ಆವತ್ತು ಎಷ್ಟೋ ತಿಂಗಳ ಮೇಲೆ ರೇಡಿಯೋ ಜೊತೆ ಗುನುಗುತ್ತಾ ಅಡುಗೆ ಮಾಡಿದಳು.

ಇದು ಅಚ್ಚಾದರೆ ಮೊದಲು ಓದುವವಳು ನೀನೇ ಅಂತ ಗೊತ್ತು ಅಮ್ಮ. ಅವತ್ತು ನಲ್ಲಿಯಲ್ಲಿ ನೀರು ಬಂದಿತ್ತು. ಗಾಜಿನ ಲೋಟದ ವಿಷಯ ಮಾತ್ರ ನಿಜ.